ಪೆಡಲ್ ಒತ್ತುವವರು

ಕಾರಿನ ಬ್ರೇಕ್ ಆಯಿಲ್ ಬದಲಿಸುವುದು ನಮ್ಮ ಮನೆಯಲ್ಲಿ ಇಬ್ಬರ ಕೆಲಸ. ನನ್ನ ಗಂಡ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುತ್ತಿದ್ದರು. ನಾನು ಚಕ್ರದ ಹಿಂದಿನ ನಟ್ ಸಡಿಲಿಸಿ ಹಳೆಯ ಆಯಿಲ್ ಹೊರಬಿಡುತ್ತಿದ್ದೆ. "ಒತ್ತಿದೀನಿ ಮೇಡಂ, ನಿದ್ದೆ ಮಾಡ್ಬೇಡಿ" ಎಂದು ರೇಗಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಚಕ್ರದ ಪಕ್ಕ ಮಲಗಿ, ಮೈಮರೆತು "ಒತ್ರೀ" ಎಂದುಬಿಟ್ಟೆ. ಪೆಡಲ್ ಕಿರುಗುಟ್ಟಿತು. ಆಯಿಲ್ ಬಂತು. ತಿಂಗಳುಗಟ್ಟಲೆ ನಿಂತಿದ್ದ ಕಾರು, ಆದರೂ ಆಯಿಲ್ ಬೆಚ್ಚಗಿತ್ತು.

ಅತ್ತೆ ಹೊರಗೆ ಬಂದರು. "ಯಾರ ಹತ್ರ ಮಾತಾಡ್ತಿದ್ದೀಯಮ್ಮ?" ಕಿಟಕಿಯಲ್ಲಿ ಬಗ್ಗಿ ನೋಡಿದರು. "ಯಾರೂ ಇಲ್ವಲ್ಲೇ!"

ನಾನು ತಲೆ ಎತ್ತಲಿಲ್ಲ. ನೋಡಿದರೆ ನನ್ನವರು ಹೊರಟುಹೋದಾರೆಂಬ ಭಯ. ನಟ್ ಬಿಗಿಮಾಡಿ, "ಇನ್ನೊಂದ್ಸಲ ಒತ್ರೀ" ಎಂದೆ.

ಅತ್ತೆಯ ಕಣ್ಣೆದುರೇ ಪೆಡಲ್ ಕೆಳಗಿಳಿಯಿತು. ಅವರು ಕಿಟಕಿಗೆ ಇನ್ನಷ್ಟು ಬಗ್ಗಿದರು.

"ಊಟ ಮಾಡ್ಕೊಂಡು ಬಂದು ಕೂತ್ಕೋಬಾರ್ದಾ ಮಗನೇ?" ಎಂದರು, ಖಾಲಿ ಸೀಟಿಗೆ.