ಗಿರಿಯಮ್ಮನ ಒಂದು ವರ್ಷದ ವೀಸಾ

"ಈ ಹುಡುಗಿಗೂ ನಿಮಗೂ ಏನು ಸಂಬಂಧ?"

ಬೆಂಗಳೂರಿನಿಂದ ವಿಚಾರಣೆಗೆ ಬಂದಿದ್ದ ಗಂಗಾಧರಯ್ಯ ಕೇಳಿದ್ದು ಕಾಟಪ್ಪನನ್ನು.

"ಏನೂ ಇಲ್ಲ ಸಾರ್. ದೂರದ ನೆಂಟ್ರು, ಅಷ್ಟೇಯ."

ಬಾಗಿಲ ಮರೆಯಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ಗಿರಿಯಮ್ಮನಿಗೆ ಹೆಜ್ಜೆ ಮುಂದಿಡಲಾಗಲಿಲ್ಲ.

ಏನೂ ಇಲ್ಲ...!

ಕಾಟಪ್ಪ ಅವಳ ಸ್ವಂತ ಸೋದರತ್ತೆಯ ಮಗ. ಕಳೆದ ಕಾರ್ತಿಕದಲ್ಲಿ ಹಟ್ಟಿಯ ಹಿರಿಯರ ಎದುರು ಎರಡೂ ಮನೆಯವರು ವೀಳ್ಯ ಬದಲಾಯಿಸಿಕೊಂಡಿದ್ದರು. ಆ ಹಟ್ಟಿಯಲ್ಲಿ ವೀಳ್ಯವಾಯಿತೆಂದರೆ ಅರ್ಧ ಮದುವೆ ಆದಂತೆ. ಅದನ್ನು ಇಲ್ಲವೆಂದವನಿಗೆ ಮತ್ತೆ ಆ ಮನೆಯ ಹೆಣ್ಣು ಸಿಗುವುದಿಲ್ಲ.

ಅವಳ ಅಪ್ಪ ಕ್ಯಾತಪ್ಪನ ಮುಖ ಕಪ್ಪಿಟ್ಟಿತು. ಬೇಡವೆಂದವನ ಎದುರು ಮಗಳ ಮಾನ ಹರಾಜಿಗಿಡಲು ಅವನು ತಯಾರಿರಲಿಲ್ಲ.

"ಹೂಂ ಸ್ವಾಮಿ, ಏನೂ ಇಲ್ಲ" ಎಂದುಬಿಟ್ಟ.

ಗಂಗಾಧರಯ್ಯ ತಲೆಯಾಡಿಸಿ ಬರೆದುಕೊಂಡರು. ಕಾಟಪ್ಪ ಮಜ್ಜಿಗೆಯನ್ನೂ ಕುಡಿಯದೆ ಎದ್ದು ಹೋದ.

ಅದು ಎಂಬತ್ನಾಲ್ಕನೆಯ ಇಸವಿ. ಹಳ್ಳಿಯ ಯುವಕ ಯುವತಿಯರನ್ನು ನ್ಯೂಜಿಲೆಂಡಿನ ಕುರಿ ಫಾರಮ್ಮುಗಳಿಗೆ ಕಳಿಸುವ ಸಂಸ್ಥೆಯೊಂದರಲ್ಲಿ ಗಂಗಾಧರಯ್ಯ ಕೆಲಸಕ್ಕಿದ್ದರು. ಒಂದು ವರ್ಷದ ವೀಸಾ. ದುಡಿದು ತಿನ್ನಬೇಕು, ರಜೆ ಸಿಕ್ಕಾಗ ಊರು ಸುತ್ತಬಹುದು, ಅವಧಿ ಮುಗಿದೊಡನೆ ವಾಪಸಾಗಬೇಕು. ಪಿಯುಸಿ ಮುಗಿಸಿ ಅಪ್ಪನ ಕುರಿಮಂದೆ ನೋಡಿಕೊಳ್ಳುತ್ತಿದ್ದ ಗಿರಿಯಮ್ಮ ಅರ್ಜಿ ಹಾಕಿದ್ದಳು.

ಪಾಸ್‌ಪೋರ್ಟಿನ ಓಡಾಟದಲ್ಲೇ ಅವಳು ಹಣ್ಣಾಗಿದ್ದಳು. ಹುಟ್ಟಿದ ತಾರೀಖಿಗೆ ದಾಖಲೆಯಿಲ್ಲವೆಂದು ಶಾಲೆಯ ಟಿ.ಸಿ. ಒಯ್ದರೆ ಅಫಿಡವಿಟ್ ಕೇಳಿದರು. ಅಫಿಡವಿಟ್ ಒಯ್ದರೆ ಪೊಲೀಸ್ ವರದಿ ಬಂದಿಲ್ಲ ಅಂದರು. ಪ್ರತಿ ಸಲವೂ ಹಟ್ಟಿಗೆ ಹತ್ತಿರದ ಮಿಡಿಗೇಶಿಯಿಂದ ಮಧುಗಿರಿಗೆ ಅವಳನ್ನು ಒಯ್ದದ್ದು ಕಾಟಪ್ಪ ಕಂಡಕ್ಟರಾಗಿದ್ದ ಪಾವಗಡದ ಖಾಸಗಿ ಬಸ್ಸು.

'ಕಾದು ಕಾದು ಅವನಿಗೂ ಸಾಕಾಗಿರಬೇಕು... ಬೇಡ ಅಂತ ನನಗೇ ಹೇಳಬಹುದಿತ್ತಲ್ಲ!'

ಆ ವಾರವೇ ಹಟ್ಟಿಯ ಹಿರಿಯರು ಸೇರಿ ವೀಳ್ಯ ಮುರಿಯಿತೆಂದರು. ಕಾಟಪ್ಪ ತುಟಿ ಬಿಚ್ಚಲಿಲ್ಲ. ಅವನ ತಾಯಿ ಕೆಂಪಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಬಸ್ಸಿನಲ್ಲಿ ಅವನು ಅವಳ ಮುಖ ನೋಡದೆ ಟಿಕೆಟ್ ಹರಿಯುತ್ತಿದ್ದ. ಅವಳಿಗೂ ಜಗಳವಾಡುವಷ್ಟು ತ್ರಾಣವಿರಲಿಲ್ಲ.

ಕೊನೆಗೂ ವೀಸಾ ಬಂತು. ಬೆಂಗಳೂರಿನ ಕಚೇರಿಯಲ್ಲಿ ಗಂಗಾಧರಯ್ಯ ಪಾಸ್‌ಪೋರ್ಟ್ ಕೈಗಿಟ್ಟರು.

"ನಿಮ್ಮದು ಸಲೀಸಾಯ್ತಮ್ಮ. ಹೋದ ವರ್ಷ ಕೊರಟಗೆರೆ ಕಡೆಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿತ್ತು. ಅರ್ಧಕ್ಕೇ ವಾಪಸು ಬಂದುಬಿಟ್ಟಳು. ಅದಕ್ಕೇ ಈಗ ಮದುವೆ ಗೊತ್ತಾದವರನ್ನು ನಾವು ಆರಿಸೋದೇ ಇಲ್ಲ. ನಿಮ್ಮೂರಿಗೆ ಬರುವಾಗ ಆ ಕಂಡಕ್ಟರ್ ಹುಡುಗನಿಗೂ ಬಸ್ಸಲ್ಲೇ ಇದನ್ನ ಹೇಳಿದ್ದೆ. ಊರೆಲ್ಲ ಬಲ್ಲವನು ಅಂತ ಮನೆ ತೋರಿಸೋಕೆ ಅವನನ್ನೇ ಕರ್ಕೊಂಡು ಬಂದೆ."

ಗಿರಿಯಮ್ಮ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಳು.

ಅವನಿಗೆ ಗೊತ್ತಿತ್ತು... ಗೊತ್ತಿದ್ದೇ ಇಲ್ಲವೆಂದಿದ್ದ!

ಸಂಜೆ ಮಧುಗಿರಿಯಲ್ಲಿ ಅವನ ಬಸ್ಸನ್ನೇ ಹತ್ತಿದಳು. ಮಿಡಿಗೇಶಿ ಬಂದರೂ ಇಳಿಯದೆ ಬಾಗಿಲಲ್ಲೇ ನಿಂತಳು.

"ಇಳಿ, ಬಸ್ಸು ಹೊರಡ್ಬೇಕು" ಅಂದ ಕಾಟಪ್ಪ.

"ನೀನೂ ಇಳಿ ಬಾವ."

ಡ್ರೈವರ್ ಕದರಪ್ಪ ಹಿಂತಿರುಗಿ ನೋಡಿದ. "ಲೇ ಕಾಟ, ಇಳಿಯಲಾ! ಪಾವಗಡದಗಂಟ ಕ್ಲೀನರ್ ಟಿಕೆಟ್ ಹರೀತಾನೆ. ತಿಂಗಳಿಂದ ನಿನ್ನ ಗಂಟುಮೋರೆ ನೋಡಿ ನೋಡಿ ನಂಗೂ ಸಾಕಾಗೈತೆ!"

ಬಸ್ಸು ಧೂಳೆಬ್ಬಿಸಿ ಹೋಯಿತು. ಇಬ್ಬರೇ ಉಳಿದರು.

"ನನ್ನ ಒಂದು ಮಾತು ಕೇಳ್ದೆ ಹೆಂಗೆ ಇಲ್ಲ ಅಂದ್ಬುಟ್ಟೆ?"

ಕಾಟಪ್ಪ ತಲೆ ತಗ್ಗಿಸಿದ. "ಕೇಳಿದ್ರೆ ನೀನು ಹೋಗಾಕಿಲ್ಲ ಅಂತಿದ್ದೆ."

"ಆಮ್ಯಾಲಾದ್ರೂ ಹೇಳ್ಬೋದಿತ್ತಲ್ಲ? ನಾನು ಅತ್ತಿದ್ದು ನಿಂಗೆ ಗೊತ್ತಾ?"

"ಗೊತ್ತು. ಅವ್ವ ಹೇಳ್ತು... ಗಿರಿ, ಅಷ್ಟು ದೂರ ಹೋಯ್ತೀಯ. ಅಲ್ಲಿ ನಿನ್ನ ಮನಸ್ಸು ಬದಲಾದ್ರೆ? ವೀಳ್ಯ ಐತೆ ಅಂತ ನನ್ನ ಕಟ್ಕೊಬಾರ್ದು. ಅದ್ಕೇ ಸುಮ್ಕಿದ್ದೆ."

"ಎಲ್ಲಾನೂ ನೀನೊಬ್ನೇ ಯೋಚ್ನೆ ಮಾಡ್ಬುಟ್ಟೆ. ದೊಡ್ಡ ಮನ್ಸ!"

ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು ಅವಳ ದನಿಯಲ್ಲಿ.

"ನಿಜ ಹೇಳ್ಬೇಕಂದ್ರೆ, ಪಾಸ್‌ಪೋರ್ಟು ಆ ಗಂಗಾಧರಯ್ಯನೋರ ಮೇಜಿನ ಮ್ಯಾಲೆ ಇಟ್ಟು ಬಂದ್ಬುಡಾಣ ಅನ್ನಿಸ್ತು."

ಕಾಟಪ್ಪ ಗಾಬರಿಯಾದ. "ಇಟ್ಬುಟ್ಟೆಯಾ?"

"ಇಲ್ಲ... ಮನಸ್ಸು ಬರ್ಲಿಲ್ಲ. ನಂಗೆ ಹೋಗಾಸೆ ಐತೆ ಬಾವ. ನನ್ನ ಸ್ವಾರ್ಥಿ ಅನ್ನು ಬೇಕಾದ್ರೆ. ನಂಗೆ ಅದೂ ಬೇಕು, ನೀನೂ ಬೇಕು."

ಅವನು ಖಾಕಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಬೆವರನ್ನಲ್ಲವೆಂದು ಅವಳಿಗೆ ತಿಳಿಯಿತು.

"ನಂಗೂ ನೀನು ಬೇಕು ಕಣೆ. ಆವತ್ತು ಇಲ್ಲ ಅಂದಾಗ್ಲಿಂದ ಒಂದು ದಿನಾನೂ ನೆಟ್ಟಗೆ ನಿದ್ದೆ ಬಂದಿಲ್ಲ."

"ಹಂಗಾದ್ರೆ ನಡಿ. ಅಪ್ಪನ ಮುಂದೆ ಇದನ್ನೇ ಹೇಳು."

"ನಿಮ್ಮಪ್ಪ ಬಾರುಕೋಲು ತಗಂತಾನೆ!"

"ತಗಳ್ಳಿ. ಬಾಸುಂಡೆಗೆ ನಾನು ಎಣ್ಣೆ ಹಚ್ತೀನಿ."

"ನೀನು ದೇಶ ಬುಟ್ಟೋದ್ಮ್ಯಾಲೆ ಯಾರು ಹಚ್ತಾರೆ?"

"ಅದ್ಕೇ ಇವತ್ತೇ ಹೊಡೆಸ್ಕಂಬುಡು" ಎಂದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಸುಳಿಯಿತು.

ಇಬ್ಬರೂ ಹಟ್ಟಿಯ ದಾರಿ ಹಿಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಹೆಜ್ಜೆ ನಿಧಾನವಾಯಿತು.

"ಬ್ಯಾಗು ಕೊಡಿಲ್ಲಿ, ನಾನು ಹೊತ್ಕತೀನಿ" ಎಂದ ಕಾಟಪ್ಪ.

"ಬ್ಯಾಗು ನಂಗೇನು ಭಾರಿಲ್ಲ. ಕೈ ಹಿಡ್ಕ."

"ಯಾರಾದ್ರೂ ನೋಡ್ತಾರೆ ಕಣೆ..."

"ನೋಡ್ಲಿ ಬುಡು ಬಾವ."

ಅವನು ಹಿಡಿದುಕೊಂಡ.