ಸೋದರತ್ತೆ ಹತ್ತಿದ ಮೋಟರ್ ಸೈಕಲ್ಲು

ಸುಟ್ಟ ಎಣ್ಣೆ, ಸೀಮೆಎಣ್ಣೆ, ಬಿಸಿಲಿಗೆ ಕಾದ ರಬ್ಬರು. ದೊಡ್ಡವಳಾದ ಮೇಲೂ ಆ ವಾಸನೆ ಬಂದರೆ ಸಾಕು, ಗುರುಬಸವ್ವನಿಗೆ ಹಳಿಯಾಳದ ಮಹಮ್ಮದನ ಗಾಡಿ ರಿಪೇರಿ ಅಂಗಡಿ ನೆನಪಾಗುತ್ತಿತ್ತು. ಆಗ ಅವಳಿನ್ನೂ ನಾಲ್ಕನೇ ಇಯತ್ತೆ. ಎಲ್ಲರ ಬಾಯಲ್ಲೂ ಗುಬ್ಬಿ.

“ದಾಂಡೇಲಿ ಬಿಟ್ಟಾಗಿಂದ ಟಕ್ ಟಕ್ ಅಂತೈತ್ರಿ,” ಎನ್ನುತ್ತ ಅಣ್ಣ ಶೇಖಪ್ಪ ಹಳೇ ಮೋಟರ್ ಸೈಕಲ್ ನಿಲ್ಲಿಸಿದ. “ಏರಿನ್ಯಾಗ ಎಳೀವಲ್ದು. ಲಗೂನ ನೋಡ್ರಿ, ದೀಪ ಹಚ್ಚೂದ್ರಾಗ ಮುಂಡಗೋಡ ಮುಟ್ಟಬೇಕು.”

“ಯಾಕಷ್ಟು ಅವಸರ?” ಮಹಮ್ಮದ ಕೈ ಒರೆಸಿಕೊಂಡ.

“ನನ್ನ ಮಗಳನ್ನ ತೊಟ್ಟಲಕ್ಕ ಹಾಕೂದು ಐತ್ರಿ.”

“ಹೆಸರ ನಾನ ಇಡಬೇಕು!” ಗುಬ್ಬಿ ಹಿಂದಿನ ಸೀಟಿನಿಂದ ಜಿಗಿದಳು. “ನಾನ ಸೋದರತ್ತಿ.”

ಮಹಮ್ಮದ ಅವಳ ಕೆಂಪು ರಿಬ್ಬನ್ನು ನೋಡಿ ನಕ್ಕ. “ಈ ಅತ್ತೀನ್ನ ಯಾರ ತೊಟ್ಟಲಕ್ಕ ಹಾಕ್ತಾರ? ಹೆಸರೇನು ಕೂಸಿಂದು?”

“ಹೇಳಂಗಿಲ್ಲ. ಮೊದಲ ಕೂಸಿನ ಕಿವಿಯಾಗ ಹೇಳಬೇಕು.”

ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅದರ ಅಪ್ಪನ ಅಕ್ಕ ಇಲ್ಲವೇ ತಂಗಿ. ಶೇಖಪ್ಪನಿಗೆ ಇದ್ದವಳು ಗುಬ್ಬಿ ಒಬ್ಬಳೇ. ಅಪ್ಪ, ಅವ್ವ ನಿನ್ನೆಯೇ ಬಸ್ಸಿನಲ್ಲಿ ಮುಂಡಗೋಡಕ್ಕೆ, ಅತ್ತಿಗೆಯ ತವರಿಗೆ ಹೋಗಿದ್ದರು. ಬೆಳಿಗ್ಗೆ ಗಣಿತದ ಪರೀಕ್ಷೆ ಇತ್ತೆಂದು ಗುಬ್ಬಿ ಮಾತ್ರ ಅಣ್ಣನ ಜೊತೆ ಉಳಿದಿದ್ದಳು. ತಡವಾದರೆ? ಬೇರೆ ಯಾರಾದರೂ ಹೆಸರು ಹೇಳಿಬಿಟ್ಟರೆ?

ಮಹಮ್ಮದ ಇಂಜಿನ್ ಚಾಲೂ ಮಾಡಿ ಒಂದು ಸಾಗವಾನಿ ಕೋಲು ತಂದ. ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗಿಟ್ಟು ಕೇಳಿದ. ಗುಬ್ಬಿ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡುತ್ತಿದ್ದಳು. ಅವನು ಕೋಲನ್ನು ಅವಳಿಗೇ ಕೊಟ್ಟ.

ಕೆಳಗೆ ಇಟ್ಟಾಗ ಬೆಕ್ಕು ಗುರುಗುಟ್ಟಿದ ಹಾಗಿತ್ತು. ನಡುವೆಯೂ ಅದೇ. ಮೇಲೆ ಇಟ್ಟಳು.

“ಇಲ್ಲೆ! ಅಕ್ಕಸಾಲಿಗ ಬಡದಂಗ ಕೇಳ್ತೈತಿ!”

“ಶಾಣ್ಯಾಕಿ. ಇಂಜಿನ್ನಿನ ತಲ್ಯಾಗ ಎರಡು ಸಣ್ಣ ಬಾಗಲಾ ಇರ್ತಾವು. ಒಂದು ಉಸರು ಒಳಗ ತಗೊಳ್ಳಾಕ, ಒಂದು ಹೊರಗ ಬಿಡಾಕ. ವಾಲ್ವು ಅಂತಾರ. ಅವನ್ನ ತಗಿಯೋ ಕಡ್ಡಿ ಸಡಲ ಆಗೈತಿ.”

“ಹಂಗಾರ ಬಿಗೀರಿ ಮತ್ತ,” ಎಂದ ಶೇಖಪ್ಪ.

ಮಹಮ್ಮದ ಇಂಜಿನ್ ಆರಿಸಿದ. “ತಣ್ಣಗಾಗಲಿ. ಬಿಸಿ ಇದ್ದಾಗ ಅಳತಿ ಸುಳ್ಳ ಹೇಳತೈತಿ.”

“ಒಂದು ಕೊಡ ನೀರ ಸುರೀಲೇನು?”

“ಸುರೀರಿ. ಆಮ್ಯಾಲೆ ಒಡದ ಇಂಜಿನ್ನನ್ನ ತೊಟ್ಟಲಕ್ಕ ಹಾಕ್ರಿ.”

ಶೇಖಪ್ಪ ಟವೆಲ್ಲಿನಿಂದ ಗಾಳಿ ಹಾಕಿದ. ಕೂತ, ಎದ್ದ, ಮತ್ತೆ ಕೂತ. ಗುಬ್ಬಿ ಇಂಜಿನ್ನಿನ ಮೇಲೆ ಅಂಗೈ ಇಟ್ಟು ತೆಗೆಯುತ್ತಿದ್ದಳು. ಹುಣಸೆಮರದ ನೆರಳು ರಸ್ತೆ ದಾಟುವ ಹೊತ್ತಿಗೆ ಕಬ್ಬಿಣ ತಣ್ಣಗಾಯಿತು.

ಮಹಮ್ಮದ ಕಿಕ್ ಮೆಲ್ಲಗೆ ಒತ್ತಿ, ಎರಡೂ ಬಾಗಿಲು ಮುಚ್ಚುವ ಹಾಗೆ ನಿಲ್ಲಿಸಿದ. ಪಕ್ಕದ ಸಣ್ಣ ಮುಚ್ಚಳ ತೆಗೆದ. ಒಳಗೆ ಎರಡು ತೆಳು ಕಡ್ಡಿ. ಒಂದರ ನಟ್ಟು ಸಡಿಲಾಗಿತ್ತು. ಪಾನಾ ಹಾಕಿ ತಿರುಗಿಸಿದ.

“ನಿನ್ನ ಬೆರಳು ಸಣ್ಣೂವು. ಕಡ್ಡಿ ತಿರುವಿ ನೋಡು.”

“ತಿರಗವಲ್ದು.”

“ಬಿಗಿ ಆತು.” ನಟ್ಟು ಸ್ವಲ್ಪ ಸಡಿಲಿಸಿದ. “ಈಗ?”

ಕಡ್ಡಿ ಪಾಟಿಯ ಬಳಪದ ಹಾಗೆ ಬೆರಳ ನಡುವೆ ಹಗುರಾಗಿ ತಿರುಗಿತು. ಮೇಲೆ ಕೆಳಗೆ ಮಾತ್ರ ಅಲುಗಲಿಲ್ಲ.

“ಇನ್ನೊಂದೀಟು ಬಿಗೀರಿ,” ಶೇಖಪ್ಪ ಬಗ್ಗಿದ. “ಸಪ್ಪಳನ ಬರಬಾರದು.”

“ಬರ್ಲಿಲ್ಲಂದ್ರ ಹೆದರಬೇಕ್ರಿ. ಬಾಗಲಾ ಪೂರಾ ಮುಚ್ಚಲಾರದ ಸುಟ್ಟು ಹೋಗತೈತಿ. ಕಬ್ಬಣಕ್ಕೂ ಒಂಚೂರು ಜಾಗಾ ಬೇಕು.”

ಗಾಡಿ ಈಗ ಏರನ್ನೂ ಸಲೀಸಾಗಿ ಏರಿತು. ಆದರೂ ಮುಂಡಗೋಡ ಮುಟ್ಟುವಾಗ ಮನೆಮನೆಯಲ್ಲಿ ದೀಪ ಹತ್ತಿದ್ದವು. ದಾರಿಯುದ್ದಕ್ಕೂ ಹೆಸರು ಹೇಳಿಕೊಂಡು ಬಂದಿದ್ದ ಗುಬ್ಬಿ ಗಾಡಿ ನಿಂತದ್ದೇ ಜಿಗಿದು ಒಳಗೆ ಓಡಿದಳು.

ನಡುಮನೆಯಲ್ಲಿ ತೊಟ್ಟಿಲು ಖಾಲಿ ಇತ್ತು. ಅತ್ತಿಗೆಯ ಅಜ್ಜಿ ಕಾಶೆವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

“ಬಂದ್ಲು ನೋಡ್ರಿ ಅತ್ತಿಬಾಯಿ!”

ಗುಬ್ಬಿ ಬಗ್ಗಿದಳು. ಹೆಂಗಸರೆಲ್ಲ ಪದ್ಧತಿಯಂತೆ ನಗುತ್ತ ಅವಳ ಬೆನ್ನಿಗೆ ದಬದಬ ಗುದ್ದಿದರು. “ಕುರ್ರ್... ತಾಯವ್ವ,” ಎಂದಳು ಕೂಸಿನ ಕಿವಿಯಲ್ಲಿ. ಕೂಸು ಅವಳ ಮಸಿ ಹತ್ತಿದ ಬೆರಳನ್ನು ಗಟ್ಟಿಯಾಗಿ ಹಿಡಿಯಿತು.

ಕೈ ತೊಳೆಯಲು ಅಡಿಗೆಮನೆಗೆ ಹೋದವಳು ಅಲ್ಲೇ ನಿಂತಳು. ಪತ್ರಾವಳಿಗಳು ಕಟ್ಟು ಬಿಚ್ಚದೆ ಕುಳಿತಿದ್ದವು. ಹೋಳಿಗೆಯ ಬುಟ್ಟಿಗೆ ಮುಚ್ಚಿದ ಬಿಳಿ ಬಟ್ಟೆ ಹಾಗೆಯೇ ಇತ್ತು. ಗೋಡೆಗೆ ಒರಗಿ ಒಬ್ಬ ಪುಟ್ಟ ಹುಡುಗಿ ತೂಕಡಿಸುತ್ತ, ನಡುನಡುವೆ ಕಣ್ಣು ತೆರೆದು ಆ ಬುಟ್ಟಿಯನ್ನೇ ನೋಡುತ್ತಿದ್ದಳು. ತಾನು ಅಲ್ಲಿ ಇಂಜಿನ್ನಿನ ಮೇಲೆ ಅಂಗೈ ಇಟ್ಟು ಕೂತಾಗ, ಇಲ್ಲಿ ತನಗಾಗಿ ಕಾಯುತ್ತ ಯಾರೂ ಉಂಡಿರಲಿಲ್ಲ.

ಕಾಶೆವ್ವ ಬಂದು ಕಟ್ಟು ಬಿಚ್ಚಿದಳು. ಮೊದಲ ಎಲೆಗೆ ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಅತ್ತಿಬಾಯಿಯ ಕೈಗಿಟ್ಟಳು.

ಗುಬ್ಬಿ ಮೆಲ್ಲಗೆ ಗೋಡೆಯ ಹತ್ತಿರ ಹೋಗಿ, ಆ ಎಲೆಯನ್ನು ಪುಟ್ಟ ಹುಡುಗಿಯ ಮುಂದೆ ಇಟ್ಟಳು.