ಘಾಫ್ ಮರದ ಬುಡದಲ್ಲಿಟ್ಟ ತುತ್ತು

ಅದು ೨೦೧೪ರ ಏಪ್ರಿಲ್. ಮರುಭೂಮಿ ನೋಡಲೆಂದು ಗಲ್ಫಿನಲ್ಲಿ ನಮ್ಮ ಮನೆಯಿದ್ದ ಅಲ್ ಕುಸೈಸ್‌ನಿಂದ ನಾವು ಮೂವರು ಹೊರಟಿದ್ದೆವು. ಮರಳ ದಿಬ್ಬದ ನಡುವೆ ಒಂದೇ ಒಂದು ಘಾಫ್ ಮರವಿತ್ತು. ಬಿಳಿ ಓರಿಕ್ಸ್ ಜಿಂಕೆಗಳು ಅದರ ನೆರಳು ಬಿಟ್ಟು ಉರಿಬಿಸಿಲಲ್ಲೇ ನಿಂತಿದ್ದವು. ನೆರಳಿನ ಮರಳು ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು.

ಬುತ್ತಿ ಬಿಚ್ಚಿದಾಗ ಊರಿನ ಅಭ್ಯಾಸದಂತೆ ಮೊದಲ ತುತ್ತನ್ನು ಭೂತಕ್ಕೆಂದು ಮರದ ಬುಡದಲ್ಲಿಟ್ಟು, ಬಂದು ಉಣ್ಣಿ ಎಂದು ತುಳುವಿನಲ್ಲೇ ಕರೆದೆ.

"ಇಲ್ಲಿಯ ಭೂತಕ್ಕೆ ತುಳು ಬರ್ತದಾ ಮಾರಾಯ್ತಿ?" ಎಂದು ಗಂಡ ಧರ್ಮಪಾಲ ನಕ್ಕರು.

ಐದು ವರ್ಷದ ಮಗಳು ತೃಷಾ ಮರಕ್ಕೊಂದು ಸುತ್ತು ಹಾಕಿ ಬಂದು ನನ್ನ ಕೈ ಹಿಡಿದಳು. ಅವಳ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. "ಅಮ್ಮಾ, ಶೀ ವಾಂಟ್ಸ್ ಮೋರ್."

"ಯಾರು ಮಗಾ?"

ಅವಳು ತನ್ನ ಪಕ್ಕಕ್ಕೆ ಬೊಟ್ಟು ಮಾಡಿದಳು. ಅಲ್ಲಿ ಯಾರೂ ಇರಲಿಲ್ಲ. ಬುಡದಲ್ಲಿಟ್ಟ ಅನ್ನವೂ ಇರಲಿಲ್ಲ.

"ಯಲ್ಲಾ, ಹೋಗುವ," ಎಂದೆ. ನನ್ನ ದನಿ ಕೇಳಿ ಗಂಡನ ನಗು ನಿಂತಿತು. ಕರೆದವಳು ನಾನೇ ಅಲ್ಲವೇ? ಮಗಳನ್ನು ಎತ್ತಿಕೊಂಡು, ಎಲ್ಲೂ ಕೆಳಗಿಳಿಸದೆ ಓಡಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆ.

ಬಾಗಿಲು ಹಾಕುವಾಗ ಕೆಳಗೆ ನೋಡಿದೆ. ತೃಷಾ ಶೂ ಹಾಕಿದ್ದಳು. ಆದರೆ ನನ್ನ ಹೆಜ್ಜೆಗಳ ಪಕ್ಕದಲ್ಲೇ ಪುಟ್ಟ ಬರಿಗಾಲಿನ ಗುರುತುಗಳು ಮರದಿಂದ ಕಾರಿನ ಬಾಗಿಲವರೆಗೂ ಬಂದಿದ್ದವು. ಹಿಂದಕ್ಕೆ ಹೋದ ಗುರುತು ಒಂದೂ ಇರಲಿಲ್ಲ.